ಪಿನ್ ಕೂತ್ರ ಸಾಲಂಗಿಲ್ಲ, ಕುಂಡಲಿನೂ ಕೂಡಬೇಕು

ಈಗ ನಾವೆಲ್ಲಾ ಅಡಾಪ್ಟರ್ ಅಂತೀವಿ, ಚಾರ್ಜರ್ ಅಂತೀವಿ. ನಾನು ಸಾಲಿಗೆ ಹೋಗೂ ಕಾಲಕ್ಕ ನಮ್ಮ ಧಾರವಾಡ-ಹುಬ್ಬಳ್ಳಿ ಕಡೆ ಅದಕ್ಕ 'ಎಲಿಮಿನೇಟರ್' ಅಂತ ಹೆಸರಿತ್ತು. ರೇಡಿಯೋ ಅಂಗಡಿಗೆ ಹೋಗಿ ಎಲಿಮಿನೇಟರ್ ಕೊಡ್ರಿ ಅಂದ್ರ ಅಂಗಡಿಯಾಂವ ಮೊದಲ ಕೇಳೂ ಮಾತು ಒಂದ: "ಎಷ್ಟು ಸೆಲ್ಲಿನ ರೇಡಿಯೋ ರೀ?" ನಾಲ್ಕು ಸೆಲ್ಲಿಂದು ಅಂದ್ರ ಒಂದು ಥರದ್ದು, ಆರು ಸೆಲ್ಲಿಂದು ಅಂದ್ರ ಇನ್ನೊಂದು. ಈಗ ಮನಿ ತುಂಬ ಹತ್ತು-ಹದಿನೈದು ಅಡಾಪ್ಟರ್ ಬಿದ್ದಾವ, ಆದ್ರ ಆ ಪ್ರಶ್ನೆ ಕೇಳಾವ್ರು ಯಾರೂ ಉಳಿದಿಲ್ಲ. ಪಿನ್ ಒಳಗ ಹೋತು, ಸ್ವಿಚ್ ಹಾಕಿದ್ವಿ, ಮುಗೀತು.

ಹಿಂಗ್ಯಾಕಾತು, ಆ ಪ್ರಶ್ನೆ ಎಲ್ಲಿ ಕಳಕೊಂಡ್ವಿ ಅನ್ನೂದನ್ನ ಇವತ್ತ ಬರೀತೀನಿ. ಇದು ವಯರ್‌ಮನ್ ವಿಷಯ, ನಮಗ್ಯಾಕ ಅನಬ್ಯಾಡ್ರಿ. ಮನಿಯೊಳಗ ಸಾಮಾನು ತಗದು ಇಡಾವ್ರು, "ಅದೆಲ್ಲೈತಿ" ಅಂದಾಗ ಹುಡುಕಿ ಕೊಡಾವ್ರು ನಾವ ಅಲ್ಲೇನು?

ಮೊದಲ ಮೂಲಕ್ಕ ಹೋಗೂಣು. ಕರೆಂಟಿನ್ಯಾಗ ಎರಡು ಜಾತಿ, ಎಸಿ ಮತ್ತ ಡಿಸಿ. ಮಜ್ಜಿಗಿ ಕಡಿಯೂ ಹಗ್ಗ ನೋಡೀರಲ್ಲ, ಒಮ್ಮೆ ಈ ಕಡೆ ಜಗ್ಗಬೇಕು, ಒಮ್ಮೆ ಆ ಕಡೆ. ಹಂಗ ಹಿಂದ-ಮುಂದ ಓಡಾಡೂ ಕರೆಂಟು ಎಸಿ. ಬೀಸುಕಲ್ಲು ಒಂದ ದಿಕ್ಕಿಗೆ ತಿರಗ್ತದ. ಹಂಗ ಒಂದ ದಿಕ್ಕಿಗೆ ಹೋಗೂದು ಡಿಸಿ. ನಮ್ಮ ಗ್ವಾಡಿಯೊಳಗಿನ ಪ್ಲಗ್ಗಿಗೆ ಬರೂದು 230 ವೋಲ್ಟಿನ ಎಸಿ, ಸೆಕೆಂಡಿಗೆ 50 ಸಲ ಈ ಹಗ್ಗ ಹೋಗಿ ಬರ್ತದ. ಸೆಲ್ಲು, ಬ್ಯಾಟರಿಯೊಳಗಿಂದ ಬರೂದು ಡಿಸಿ.

1882ರಾಗ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ ಕೇಂದ್ರದಿಂದ ಕರೆಂಟು ಕೊಡಾಕ ಶುರು ಮಾಡಿದಾಗ ಕೊಟ್ಟಿದ್ದು ಡಿಸಿ. ಆದ್ರ ಅದನ್ನ ಬಹಳ ದೂರ ಕಳಸಾಕ ಆಗ್ತಿದ್ದಿಲ್ಲ, ದಾರಿಯೊಳಗ ಸೋರಿ ಹೋಗ್ತಿತ್ತು. ಎಸಿಯ ಗುಣ ಬ್ಯಾರೆ. ಅದರ ವೋಲ್ಟು ಏರಸೂದು ಇಳಸೂದು ಸರಳ. 1831ರಾಗ ಫ್ಯಾರಡೆ ತೋರಿಸಿಕೊಟ್ಟ ತತ್ವದ ಮ್ಯಾಲೆ 1885ರಾಗ ಬುಡಾಪೆಸ್ಟಿನ ಮೂರು ಮಂದಿ ಇಂಜಿನಿಯರ್‌ಗಳು ಛಲೋ ಟ್ರಾನ್ಸ್‌ಫಾರ್ಮರ್ ಮಾಡಿದ್ರು. ಕಬ್ಬಿಣದ ಸುತ್ತ ತಾಮ್ರದ ತಂತಿಯ ಎರಡು ಸುರುಳಿ, ಅಷ್ಟ. ಒಂದರಾಗ ಸುತ್ತು ಹೆಚ್ಚು, ಇನ್ನೊಂದರಾಗ ಕಡಿಮಿ. ಆ ಸುತ್ತಿನ ಲೆಕ್ಕದಾಗ ವೋಲ್ಟು ಏರ್ತದ, ಇಲ್ಲಾ ಇಳೀತದ. ವೋಲ್ಟು ಏರಿಸಿ ಕಳಿಸಿದ್ರ ದಾರಿಯೊಳಗ ನಷ್ಟ ಕಡಿಮಿ, ಊರು ಮುಟ್ಟಿದ ಮ್ಯಾಲೆ ಇಳಿಸಿ ಮನಿಗೆ ಕೊಟ್ರಾತು. ಹಿಂಗಾಗಿನ 1902ರಾಗ ನಮ್ಮ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಾಗ ಬೆಂಗಳೂರಿನ ಬೀದಿಗೆ ದೀಪ ಬಂತು. ದೂರ ಹೋಗೂ ಆಟದಾಗ ಎಸಿ ಗೆದ್ದಿತು, ಮನಿಮನಿಗೂ ಅದ ಬಂತು.

ಆದ್ರ ರೇಡಿಯೋಕ್ಕ ಎಸಿ ನಡಿಯಂಗಿಲ್ಲ, ಅದಕ್ಕ ಡಿಸಿನ ಬೇಕು. 1920ರ ಸುಮಾರಿನ ಅಮೆರಿಕದ ಮನಿಗಳೊಳಗ ರೇಡಿಯೋ ಜೋಡಿ ಕಾರಿನ ಬ್ಯಾಟರಿಯಂಥಾ ಒಂದು ಆ್ಯಸಿಡ್ ಬ್ಯಾಟರಿ, ಮತ್ತ ಅದರ ಬಾಜೂಕ ಇನ್ನಷ್ಟು ಒಣ ಬ್ಯಾಟರಿ ಇಡ್ತಿದ್ರು. ಆ್ಯಸಿಡ್ ಸೋರಿ ಜಮಖಾನ ಸುಡ್ತಿತ್ತು. ಆ ಮನಿಯ ಹೆಣ್ಣುಮಕ್ಕಳು ಏನಂದಿರಬೇಕು ಅನ್ನೂದನ್ನ ನಾವ ತಿಳಕೋಬಹುದು! ಅದಕ್ಕ ಗ್ವಾಡಿ ಕರೆಂಟಿನ ವೋಲ್ಟು ಬದಲಿಸಿ, ಒಂದ ದಿಕ್ಕಿಗೆ ಮಾಡಿ, ರೇಡಿಯೋಕ್ಕ ಕೊಡೂ ಒಂದು ಪೆಟಗಿ ಬಂತು. ಕರೆಂಟನ್ನ ಒಂದ ದಿಕ್ಕಿಗೆ ಬಿಡೂ ವಾಲ್ವನ್ನ ಫ್ಲೆಮಿಂಗ್ 1904ರಾಗ ಮಾಡಿದ್ದ. ಅದ ವರ್ಷ ನಮ್ಮ ಜಗದೀಶಚಂದ್ರ ಬೋಸರಿಗೂ ಗೆಲೀನಾ ಹರಳಿನ ಶೋಧಕಕ್ಕ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. 1925ರಾಗ ಕೆನಡಾದ ಟೆಡ್ ರೋಜರ್ಸ್ ಬ್ಯಾಟರಿ ಇಲ್ಲದ, ನೇರ ಪ್ಲಗ್ಗಿಗೆ ಹಚ್ಚೂ ರೇಡಿಯೋನ ಮಾರಿದ. ಬ್ಯಾಟರಿಯನ್ನ ಮನಿಯಿಂದ ಹೊರಗ ಹಾಕಿದ ಪೆಟಗಿ ಅದು, ಅದಕ್ಕ 'ಬ್ಯಾಟರಿ ಎಲಿಮಿನೇಟರ್'. ಆ ಹೆಸರ ಸಮುದ್ರ ದಾಟಿ ನಮ್ಮ ಧಾರವಾಡದ ಅಂಗಡಿ ತನಕ ಬಂದಿತ್ತು ನೋಡ್ರಿ.

ನಮ್ಮ ಕಡೆ ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಶುರು ಆತು. ಮುಂದ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಬಂದ ಮ್ಯಾಲೆ ಅದು ಹೊಲಕ್ಕೂ ಹೋತು, ಅಡಗಿಮನಿಗೂ ಬಂತು. ಸೆಲ್ಲು ಮಾತ್ರ ತಿಂಗಳ ತಿಂಗಳ ದುಡ್ಡು ತಿಂತಿದ್ವು. ಬಿಸಿಲಿಗೆ ಇಟ್ಟು ಎರಡು ದಿನ ಹೆಚ್ಚು ಓಡಸ್ತಿದ್ವಿ, ನೆನಪದ ಅಲ್ಲ? ಅದಕ್ಕ ಕರೆಂಟಿದ್ದ ಮನಿಯವರು ಎಲಿಮಿನೇಟರ್ ತಂದ್ರು. ಕೈಯಾಗ ಹಿಡದ್ರ ಅರ್ಧ ಇಟ್ಟಂಗಿಯಷ್ಟು ಭಾರ, ಒಳಗ ಅದ ಕಬ್ಬಿಣ-ತಾಮ್ರದ ಟ್ರಾನ್ಸ್‌ಫಾರ್ಮರ್.

ಆ ಎಲಿಮಿನೇಟರ್ ಮ್ಯಾಲೆ ಒಂದು ಸರಸೂ ಗುಂಡಿ ಇರ್ತಿತ್ತು: 3, 4.5, 6, 7.5, 9, 12. ಈ ಅಂಕಿಗೂ ಒಂದು ಅರ್ಥ ಅದ. ಒಂದು ಸೆಲ್ಲಿಗೆ 1.5 ವೋಲ್ಟ್. ಎರಡು ಸೆಲ್ಲಿಗೆ 3, ಮೂರಕ್ಕ 4.5, ನಾಲ್ಕಕ್ಕ 6, ಐದಕ್ಕ 7.5, ಆರಕ್ಕ 9, ಎಂಟಕ್ಕ 12. ಅಂಗಡಿಯಾಂವ ಎಷ್ಟು ಸೆಲ್ಲು ಅಂತ ಕೇಳ್ತಿದ್ದದ್ದು ಇದಕ್ಕ. ಸೆಲ್ಲು ಎಣಿಸಾಕ ಬಂದ್ರ ವೋಲ್ಟು ಗೊತ್ತಾದಂಗ. ಸಾಲಿ ಕಲೀದ ನಮ್ಮ ಅಜ್ಜಿಗೂ ಈ ಲೆಕ್ಕ ಬರ್ತಿತ್ತು.

ಹಂಗಾರ ದಾರಿ ತಪ್ಪಿದ್ದೆಲ್ಲಿ? ಪಿನ್ನಿನೊಳಗ. ಸೆಲ್ಲಿನ ಜಾಗಾ ಬಿಟ್ಟು ಹೊರಗಿಂದ ಕರೆಂಟು ಕೊಡಾಕ ಗುಂಡನ ತೂತಿನ ಪಿನ್ ಬಂತು. ಹೊರಗ ಒಂದು ಕೊಳವಿ, ನಡುವ ಒಂದು ತೂತು. ಬಹಳಷ್ಟು ಪಿನ್ನಿಗೆ ಹೊರಗಿನ ದಪ್ಪ 5.5 ಮಿಲಿಮೀಟರ್, ಒಳಗಿನ ತೂತು 2.1 ಇಲ್ಲಾ 2.5. ರೌಟರಿಗೂ ಅದ, ಸೆಟ್‌ಟಾಪ್ ಬಾಕ್ಸಿಗೂ ಅದ, ಎಲೆಕ್ಟ್ರಾನಿಕ್ ತಂಬೂರಿಗೂ ಅದ, ದೇವರ ಮನಿಯ ಎಲ್‌ಇಡಿ ಪಟ್ಟಿಗೂ ಅದ. ಆದ್ರ ಒಬ್ಬರದು 5 ವೋಲ್ಟು, ಒಬ್ಬರದು 9, ಇನ್ನೊಬ್ಬರದು 12. ಪಿನ್ನಿನ ಮಾರಿ ನೋಡಿ ವೋಲ್ಟು ಹೇಳಾಕ ಬರಂಗಿಲ್ಲ. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ದಿಮೆಗಳ ಸಂಘದವರು ಇದಕ್ಕ ಒಂದು ಶ್ಯಾಣ್ಯಾತನದ ಪದ್ಧತಿ ಮಾಡಿದ್ರು. ಐದು ಅಳತಿಯ ಪಿನ್, ಒಂದೊಂದಕ್ಕೂ ವೋಲ್ಟಿನ ಮಿತಿ ಗೊತ್ತುಮಾಡಿದ್ದು. 3.15 ವೋಲ್ಟ್ ತನಕ ಒಂದು, ಅಲ್ಲಿಂದ 6.3 ತನಕ ಇನ್ನೊಂದು, ಆಮ್ಯಾಲೆ 10.5, 13.5, 18. ದೊಡ್ಡ ವೋಲ್ಟಿನ ಪಿನ್ ಸಣ್ಣ ವೋಲ್ಟಿನ ತೂತಿನ್ಯಾಗ ಹೋಗಬಾರದು ಅನ್ನೂದು ವಿಚಾರ. ಆದ್ರ ಜಗತ್ತಿನ ಎಲ್ಲಾ ಕಾರ್ಖಾನಿಯವರು ಅದನ್ನ ಹಿಡೀಲಿಲ್ಲ. ಯಾವ ಪಿನ್ ಸಿಕ್ತೋ ಅದನ್ನ ಹಚ್ಚಿ ಕಳಿಸಿದ್ರು. ವೋಲ್ಟು ನೋಡೂ ಕೆಲಸ ಕಾರ್ಖಾನಿಯಿಂದ ಜಾರಿ ನಮ್ಮ ಮನಿಗೆ ಬಂದು ಬಿತ್ತು, ಆದ್ರ ನಮಗದನ್ನ ಯಾರೂ ಹೇಳಲಿಲ್ಲ.

ಇದರ ಪರಿಣಾಮ ಏನು ಅನ್ನೂದು ನಮ್ಮ ಓಣಿಯೊಳಗ ಹ್ವಾದ ವರ್ಷ ಕಂಡೀವಿ. ಒಬ್ಬ ಅಕ್ಕಾರ ಮನ್ಯಾಗ ವಯಸ್ಸಾದ ಯಜಮಾನರಿಗೆ ಬಿಪಿ ನೋಡೂ ಮಷೀನ್ ಇತ್ತು. ನಾಲ್ಕು ಸೆಲ್ಲಿಂದು, ಅಂದ್ರ 6 ವೋಲ್ಟು. ರಾತ್ರಿ ಅವರಿಗೆ ಚಕ್ಕರ್ ಬಂತು, ಸೆಲ್ಲು ಮುಗದಿದ್ವು. ಕೈಗೆ ಸಿಕ್ಕ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಹಚ್ಚಿದ್ರು. ಪಿನ್ ಸರಿಯಾಗಿ ಕೂತ್ತು, ಅದು 12 ವೋಲ್ಟಿಂದು. ಮಷೀನ್ ಒಮ್ಮೆ ಮಿಂಚಿ, ಸುಟ್ಟ ವಾಸನಿ ಬಿಟ್ಟು ಆರಿಹೋತು. ಬಿಪಿ ಎಷ್ಟದ ಅನ್ನೂದು ತಿಳೀದ ಹನ್ನೊಂದು ಗಂಟೆಕ್ಕ ಆಟೋ ಹುಡುಕಿ ದವಾಖಾನಿಗೆ ಓಡಬೇಕಾತು. ದೇವರ ದಯಾ, ಅವರು ಆರಾಮ ಆಗಿ ಮನಿಗೆ ಬಂದ್ರು. ಅಕ್ಕಾರು ಮಾತ್ರ ಇನ್ನೂ ತಂದ ತಪ್ಪು ಅಂತ ಮರಗ್ತಾರ. ಅವರದೇನು ತಪ್ಪು? ಪಿನ್ ಕೂತ್ತಲ್ಲ! ಕೂಡಬಾರದ ಪಿನ್ ಕೂಡೂ ಹಂಗ ಮಾಡಿಟ್ಟದ್ದು ಅವರಲ್ಲ.

ಅದಕ್ಕ ಕುಂಡಲಿ ನೋಡಾಕ ಕಲೀಬೇಕು. ಅಡಾಪ್ಟರಿನ ಬೆನ್ನ ಮ್ಯಾಲೆ ಸಣ್ಣ ಅಕ್ಷರದಾಗ ಬರದಿರ್ತಾರ. ಕಣ್ಣಿಗೆ ಕಾಣದಿದ್ರ ಮೊಬೈಲಿನ್ಯಾಗ ಫೋಟೋ ತಗದು ದೊಡ್ಡದು ಮಾಡ್ರಿ. ಅದರಾಗ ಎರಡು ಸಾಲು ಮುಖ್ಯ, ಇನ್‌ಪುಟ್ ಮತ್ತ ಔಟ್‌ಪುಟ್.

ಇನ್‌ಪುಟ್ ಅಂದ್ರ ಗ್ವಾಡಿಯಿಂದ ತಗೊಳ್ಳೂದು. 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ರ ಅದು ಅಮೆರಿಕದಾಗೂ ನಡೀತದ, ಇಲ್ಲೂ ನಡೀತದ. ಇದು ಹೊಸ ಹಗುರ ಅಡಾಪ್ಟರಿನ ಗುಣ. ಹಳೇ ಭಾರ ಎಲಿಮಿನೇಟರಿಗೆ ಈ ಗುಣ ಇದ್ದಿದ್ದಿಲ್ಲ. ಅಮೆರಿಕದಾಗ 120 ವೋಲ್ಟು, ಜಪಾನಿನ್ಯಾಗ 100, ನಮ್ಮಲ್ಲಿ 230. ಮಗಳು ಅಲ್ಲಿಂದ ತಂದ ಕೂದಲ ಒಣಸೂ ಮಷೀನಿನ ಮ್ಯಾಲೆ ಬರೇ 120 ಅಂತಿದ್ರ ನಮ್ಮ ಪ್ಲಗ್ಗಿಗೆ ಹಚ್ಚಬ್ಯಾಡ್ರಿ. ವೋಲ್ಟು ಸುಮಾರು ಎರಡು ಪಟ್ಟಾದ್ರ ಶಾಖ ಸುಮಾರು ನಾಲ್ಕು ಪಟ್ಟಾಗ್ತದ. ಏರ್‌ಪೋರ್ಟಿನ್ಯಾಗ ಮಾರೂ ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರ ಅಷ್ಟ ಬದಲಿ ಮಾಡ್ತದ, ವೋಲ್ಟು ಬದಲಿ ಮಾಡಂಗಿಲ್ಲ. ಹೆಸರು ಒಂದ, ಕೆಲಸ ಬ್ಯಾರೆ.

ಔಟ್‌ಪುಟ್ ಅಂದ್ರ ಸಾಮಾನಿಗೆ ಕೊಡೂದು. ಇಲ್ಲಿ ನಾಲ್ಕು ಮಾತು ನೋಡಬೇಕು.

ಮೊದಲನೇದು ವೋಲ್ಟು. ಇದು ಮಾಳಗಿ ಮ್ಯಾಲಿನ ನೀರಿನ ಟಾಕಿಯ ಎತ್ತರ ಇದ್ದಂಗ. ಎತ್ತರ ಹೆಚ್ಚಾದಷ್ಟು ನಳಕ್ಕ ಒತ್ತು ಹೆಚ್ಚು. ಈ ಒತ್ತು ಹಾಕೂದು ಅಡಾಪ್ಟರ್, ಸಾಮಾನಿಗೆ ಬ್ಯಾಡ ಅನ್ನಾಕ ಬರಂಗಿಲ್ಲ. ಅದಕ್ಕ ವೋಲ್ಟು ಎರಡರದೂ ಒಂದ ಇರಬೇಕು. 9ಕ್ಕ 9, 12ಕ್ಕ 12. ಹೆಚ್ಚಾದ್ರ ಸುಡ್ತದ, ಕಡಿಮಿ ಆದ್ರ ನಡಿಯಂಗಿಲ್ಲ, ಇಲ್ಲಾ ತಡವರಸ್ತದ.

ಎರಡನೇದು ಆಂಪಿಯರ್. ಇದು ಬುಟ್ಟ್ಯಾಗಿನ ರೊಟ್ಟಿ. ಬುಟ್ಟ್ಯಾಗ ಐವತ್ತು ರೊಟ್ಟಿ ಇದ್ರೂ ಉಣ್ಣಾಂವ ಹಸಿವಿ ಇದ್ದಷ್ಟ ಉಣ್ತಾನ. 1 ಆಂಪಿಯರ್ ಬೇಡೂ ರೌಟರಿಗೆ 12 ವೋಲ್ಟಿನ 2 ಆಂಪಿಯರ್ ಅಡಾಪ್ಟರ್ ಹಚ್ಚಿದ್ರ ಏನೂ ಆಗಂಗಿಲ್ಲ, ತನಗ ಬೇಕಾದಷ್ಟ ತಗೋತದ. ಆದ್ರ ಬುಟ್ಟ್ಯಾಗ ಎರಡ ರೊಟ್ಟಿ ಇಟ್ಟು ನಾಲ್ಕು ಮಂದಿಗೆ ಬಡಸಾಕ ಹ್ವಾದ್ರ? 2 ಆಂಪಿಯರ್ ಬೇಡೂ ಸಾಮಾನಿಗೆ ಅರ್ಧ ಆಂಪಿಯರ್‌ದು ಹಚ್ಚಿದ್ರ ಅಡಾಪ್ಟರ್ ಕಾಯ್ತದ, ಸಾಮಾನು ಬಂದ್ ಆಗಿ ಮತ್ತ ಚಾಲೂ ಆಗ್ತದ. ಅಗ್ಗದ ಮಾಲಾದ್ರ ಪ್ಲಾಸ್ಟಿಕ್ ಕರಗಿ ಬೆಂಕಿಗೂ ದಾರಿ ಆಗ್ತದ. ಆದ್ದರಿಂದ ಆಂಪಿಯರ್ ಸಮಾ ಇರಬೇಕು, ಇಲ್ಲಾ ಹೆಚ್ಚಿರಬೇಕು, ಕಡಿಮಿ ಮಾತ್ರ ಆಗಬಾರದು. ಮಿಲಿ ಆಂಪಿಯರ್ ಅಂತ ಬರದಿದ್ರ ಗಾಬರಿ ಆಗಬ್ಯಾಡ್ರಿ, 1000 ಮಿಲಿ ಕೂಡಿದ್ರ 1 ಲೀಟರ್ ಹಾಲು ಆದಂಗ 1000 ಮಿಲಿ ಆಂಪಿಯರ್ ಅಂದ್ರ 1 ಆಂಪಿಯರ್. ವೋಲ್ಟಿಗೆ ಆಂಪಿಯರ್ ಗುಣಿಸಿದ್ರ ವ್ಯಾಟು: 12 ವೋಲ್ಟು, 2 ಆಂಪಿಯರ್ ಅಂದ್ರ 24 ವ್ಯಾಟು.

ಮೂರನೇದು ಎಸಿನೋ ಡಿಸಿನೋ. ಔಟ್‌ಪುಟ್ ಬಾಜೂಕ ಒಂದು ಅಡ್ಡ ಗೆರಿ, ಅದರ ಕೆಳಗ ತುಂಡು ತುಂಡು ಗೆರಿ ಇದ್ರ ಡಿಸಿ. ಹಾವಿನಂಗ ಸೊಟ್ಟ ಗೆರಿ ಇದ್ರ ಎಸಿ. ಕೆಲವು ಹಳೇ ಅಡಾಪ್ಟರ್ ವೋಲ್ಟು ಇಳಸ್ತಾವ, ಆದ್ರ ಹೊರಗ ಕೊಡೂದು ಎಸಿನ. ಅಂಥಾದನ್ನ ಡಿಸಿ ಸಾಮಾನಿಗೆ ಹಚ್ಚಬಾರದು.

ನಾಲ್ಕನೇದು ಒಳಗ ಪ್ಲಸ್ಸೋ ಮೈನಸ್ಸೋ. ಲೇಬಲ್ ಮ್ಯಾಲೆ ಒಂದು ಚುಕ್ಕಿ, ಅದರ ಸುತ್ತ ಬಾಯಿ ತೆರದ ಬಳಿ ಇದ್ದಂಗ ಚಿತ್ರ ಇರ್ತದ, ಆ ಕಡೆ ಈ ಕಡೆ ಪ್ಲಸ್ ಮೈನಸ್ ಗುರ್ತು. ಚುಕ್ಕಿಗೆ ಕೂಡಿದ್ದು ಪ್ಲಸ್ ಇದ್ರ ಪಿನ್ನಿನ ಒಳಗ ಪ್ಲಸ್. ರೌಟರು, ಸೆಟ್‌ಟಾಪ್ ಬಾಕ್ಸು ಸಾಮಾನ್ಯ ಹಂಗ ಇರ್ತಾವ. ಆದ್ರ ಹುಡುಗೂರು ಬಾರಸೂ ಕೆಲವು ಕೀಬೋರ್ಡಿಗೆ, ಗಿಟಾರಿನ ಪೆಡಲ್ಲಿಗೆ ಒಳಗ ಮೈನಸ್. ವೋಲ್ಟು ಕೂಡಿದ್ರೂ ಇದು ಉಲ್ಟಾ ಆದ್ರ ಸಾಮಾನು ಕೆಡಬಹುದು. ಎರಡರ ಮ್ಯಾಲಿನ ಚಿತ್ರ ಜೋಡಿಸಿ ನೋಡ್ರಿ.

ಇನ್ನೊಂದು ಮಾತು. ಆ ಹಳೇ ಭಾರ ಎಲಿಮಿನೇಟರ್ ಕಪಾಟಿನ್ಯಾಗ ಉಳಿದಿದ್ರ ಅದನ್ನ ಇವತ್ತಿನ ರೌಟರಿಗೆ ಹಚ್ಚಬ್ಯಾಡ್ರಿ. ಅದರ ಮ್ಯಾಲೆ 9 ಅಂತಿದ್ರೂ ಸಾಮಾನು ಕಡಿಮಿ ಎಳದ್ರ 12ರ ತನಕನೂ ಏರೂ ಜಾತಿ ಅದು. ಹಳೇ ರೇಡಿಯೋ ತಡಕೊಂಡಿದ್ದನ್ನ ಈಗಿನ ನಾಜೂಕು ಸಾಮಾನು ತಡಿಯಂಗಿಲ್ಲ.

ಈಗ ಮೊಬೈಲಿನ ಕತಿಗೆ ಬರೂಣು. ನಮ್ಮ ದೇಶದಾಗ ಮೊದಲನೇ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ಕ್ಕ. ಮುಂದ ಹತ್ತು-ಹನ್ನೆರಡು ವರ್ಷ ಕಂಪನಿಗೊಂದು ಪಿನ್ನು, ಒಂದ ಕಂಪನಿಯೊಳಗೂ ದಪ್ಪ ಪಿನ್, ಸಣ್ಣ ಪಿನ್. ಬೀಗರ ಮನಿಗೆ ಹ್ವಾದ್ರ "ನಿಮ್ಮಲ್ಲಿ ಸಣ್ಣ ಪಿನ್ನಿನ ಚಾರ್ಜರ್ ಅದ ಏನ್ರಿ" ಅಂತ ಕೇಳೂದ ಒಂದು ಮಾತಾಗಿತ್ತು.

ಅಷ್ಟರಾಗ ಕಂಪ್ಯೂಟರಿನ ಕಡಿಯಿಂದ ಯುಎಸ್‌ಬಿ ಬಂದಿತ್ತು. 1996ರಾಗ ಹೊರಬಂದ ಇದನ್ನ ಮಾಡಿದವರೊಳಗ ಮುಖ್ಯ ಹೆಸರು ಅಜಯ್ ಭಟ್, ಬಡೋದೆಯೊಳಗ ಓದಿ ಇಂಟೆಲ್ ಕಂಪನಿಯೊಳಗ ಕೆಲಸ ಮಾಡಿದವರು. ಇದರಾಗ ಒಂದು ದೊಡ್ಡ ಮಾತಿತ್ತು. ಈ ಆಕಾರದ ತೂತು ಇದ್ರ 5 ವೋಲ್ಟು, ಯಾರ ಮನಿಗೆ ಹ್ವಾದ್ರೂ 5 ವೋಲ್ಟು. ಗುಂಡು ಪಿನ್ನು ಕೊಡದ ವಚನವನ್ನ ಇದು ಕೊಟ್ಟಿತು. 2009ರಾಗ ಯುರೋಪಿನ್ಯಾಗ ದೊಡ್ಡ ಮೊಬೈಲ್ ಕಂಪನಿಗಳು ಮೈಕ್ರೋ ಯುಎಸ್‌ಬಿಗೆ ಒಪ್ಪಿದ್ವು. 2014ರಾಗ ಎರಡೂ ಮಗ್ಗಲಿಂದ ಕೂಡೂ ಟೈಪ್-ಸಿ ಬಂತು. 2024ರ ಡಿಸೆಂಬರ್ 28ರಿಂದ ಯುರೋಪಿನ ಕಾಯ್ದೆ ಮೊಬೈಲು, ಟ್ಯಾಬ್ಲೆಟ್ಟಿಗೆ ಟೈಪ್-ಸಿ ಇರಲೇಬೇಕು ಅಂತ ಹೇಳ್ತು.

ಟೈಪ್-ಸಿಯ ದೊಡ್ಡ ಚಾರ್ಜರ್ 20 ವೋಲ್ಟಿನ ತನಕ ಕೊಡ್ತದ, ಹೊಸ ಪದ್ಧತಿಯೊಳಗ 48ರ ತನಕನೂ ಹೋಗ್ತದ. ಹಂಗಾರ ಮೊಬೈಲ್ ಸುಡಂಗಿಲ್ಲೇನು? ಇಲ್ಲ, ಯಾಕಂದ್ರ ಇದರಾಗ ಮಾತುಕತಿ ನಡೀತದ. ಮೊದಲ 5 ವೋಲ್ಟಷ್ಟ ಬರ್ತದ. "ನನ್ನ ಹತ್ರ 5, 9, 15, 20 ಅದ" ಅಂತ ಚಾರ್ಜರ್ ಹೇಳ್ತದ, "ನನಗ 9 ಸಾಕು" ಅಂತ ಮೊಬೈಲ್ ಕೇಳ್ತದ. ಒಪ್ಪಿಗಿ ಆದ ಮ್ಯಾಲೆನ ವೋಲ್ಟು ಏರೂದು. ಲ್ಯಾಪ್‌ಟಾಪಿನ 65 ವ್ಯಾಟಿನ ಛಲೋ ಟೈಪ್-ಸಿ ಚಾರ್ಜರ್ ಮೊಬೈಲಿಗೆ ಹಚ್ಚಿದ್ರ ಅಂಜಿಕಿ ಇಲ್ಲ. ಮೊಬೈಲಿನ 20 ವ್ಯಾಟಿನದು ಲ್ಯಾಪ್‌ಟಾಪಿಗೆ ಹಚ್ಚಿದ್ರ ನಿಧಾನಕ್ಕ ತುಂಬ್ತದ, ಇಲ್ಲಾ ತುಂಬಂಗಿಲ್ಲ, ಅಷ್ಟ.

ಒಂದು ಕಡೆ ಮಾತ್ರ ಹುಷಾರಿ. ಒಂದು ತುದಿಗೆ ಟೈಪ್-ಸಿ, ಇನ್ನೊಂದು ತುದಿಗೆ ಗುಂಡು ಪಿನ್ ಇರೂ ವೈರು ಈಗ ಮಾರಾಕ ಬಂದಾವ. ಅದರೊಳಗಿನ ಸಣ್ಣ ಚಿಪ್ಪು ಚಾರ್ಜರಿಗೆ ತಾನ 12 ಕೊಡು ಅಂತಲೋ 20 ಕೊಡು ಅಂತಲೋ ಹೇಳ್ತದ. ಆ ಮಾತುಕತಿ ವೈರಿನ್ಯಾಗ ಮುಗೀತು. ಮುಂದಿನ ಗುಂಡು ಪಿನ್ನಿಗೆ ಏನೂ ಗೊತ್ತಿಲ್ಲ, ಅದು ಹಳೇ ಪಿನ್ನಿನಂಗ ಮೂಕ. ಅಂಥಾ ವೈರಿನ ಮ್ಯಾಲೆ ಎಷ್ಟು ವೋಲ್ಟು ಅಂತ ಓದದ ಹಚ್ಚಬ್ಯಾಡ್ರಿ.

ಹೊಸಾದು ತಗೊಳ್ಳೂ ಮುಂದ ಲೇಬಲ್ ಮ್ಯಾಲೆ ಭಾರತೀಯ ಮಾನಕ ಬ್ಯೂರೋದ ಗುರ್ತು, ಅದರ ಕೆಳಗ ಆರ್ ಅಕ್ಷರದಿಂದ ಶುರು ಆಗೂ ನಂಬರ್ ಅದ ಏನು ನೋಡ್ರಿ. 2012ರ ಸರ್ಕಾರದ ಆದೇಶದಿಂದ ಎಲೆಕ್ಟ್ರಾನಿಕ್ ಸಾಮಾನಿಗೆ ನೋಂದಣಿ ಕಡ್ಡಾಯ ಆತು, ಮುಂದ ಅಡಾಪ್ಟರೂ ಆ ಪಟ್ಟಿಯೊಳಗ ಬಂದ್ವು. ಬೀದಿಯೊಳಗ ಅಗ್ಗಕ್ಕ ಸಿಗೂ, ಏನೂ ಬರೀದ ಅಡಾಪ್ಟರಿನೊಳಗ 230 ವೋಲ್ಟಿನ ಭಾಗಕ್ಕೂ ನಾವು ಮುಟ್ಟೂ ವೈರಿಗೂ ನಡುವ ಎಷ್ಟು ಅಡ್ಡಗ್ವಾಡಿ ಅದ ಅಂತ ಯಾರು ಬಲ್ಲರು?

ಬರೂ ರವಿವಾರ ಒಂದು ತಾಸು ತಗೀರಿ. ಒಂದೊಂದ ಸಾಮಾನಿನ ಬೆನ್ನು ನೋಡಿ, ಅದರ ಅಡಾಪ್ಟರಿಗೆ ಬಿಳಿ ಟೇಪ್ ಸುತ್ತಿ ದೊಡ್ಡ ಅಕ್ಷರದಾಗ ಬರೀರಿ: "ರೌಟರ್, 12 ವೋಲ್ಟ್, 1 ಆಂಪಿಯರ್." ಸಾಮಾನಿನ ಮ್ಯಾಲೂ ಅದನ್ನ ಬರೀರಿ. ಬಿಪಿ ಮಷೀನು, ನೆಬುಲೈಸರ್‌ನಂಥಾ ದವಾಖಾನಿ ಸಾಮಾನಿಗೆ ಅದರ ಜೋಡಿ ಬಂದ ಅಡಾಪ್ಟರನ್ನ ಅದ ಚೀಲದಾಗ ಕಟ್ಟಿ ಇಡ್ರಿ, ಬ್ಯಾರೆ ಯಾವದಕ್ಕೂ ಕೊಡಬ್ಯಾಡ್ರಿ. ಬಿಪಿ ಮಷೀನಿನ ಚೀಲದಾಗ ನಾಲ್ಕು ಹೊಸ ಸೆಲ್ಲೂ ಇರಲಿ. ಸಾಮಾನು ಕೆಟ್ಟು ಹೋಗಿ ಅಡಾಪ್ಟರ್ ಅಷ್ಟ ಉಳಿದಿದ್ರ, ಬರದಿದ್ದು ಅಳಿಸಿ ಹೋಗಿದ್ರ, ಎಂದರ ಉಪಯೋಗಕ್ಕ ಬಂದೀತು ಅಂತ ಇಟ್ಟುಕೊಳ್ಳಬ್ಯಾಡ್ರಿ. ಇ-ಕಸ ತಗೊಳ್ಳಾವ್ರಿಗೆ ಕೊಟ್ಟುಬಿಡ್ರಿ. ಮನ್ಯಾಗ ಕರೆಂಟು ಹ್ವಾದ ಕತ್ತಲ್ಯಾಗ, ಗಡಿಬಿಡಿಯೊಳಗ, ಸಣ್ಣ ಹುಡುಗ ಹುಡುಕಿದ್ರೂ ಸರಿಯಾದದ್ದ ಕೈಗೆ ಸಿಗೂ ಹಂಗ ಇರಬೇಕು.